ತುಕ್ಕು ಹಿಡಿದ ಬೋಲ್ಟು ಬಿಚ್ಚುವ ಕ್ರಮ

ವಾಹನದಲ್ಲಿ ನೂರಾರು ಬೋಲ್ಟುಗಳಿದ್ದರೂ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಕೆಲವೇ ಜಾಗಗಳಲ್ಲಿ. ಬೈಕು, ಮೊಪೆಡ್ಡುಗಳಲ್ಲಿ ಸೈಲೆನ್ಸರನ್ನು ಎಂಜಿನ್ನಿಗೆ ಬಿಗಿದಿರುವ ಸ್ಟಡ್ಡುಗಳು, ಹಿಂಚಕ್ರದ ಆ್ಯಕ್ಸಲ್ ನಟ್ಟು, ಚೈನ್ ಅಡ್ಜಸ್ಟರ್, ಫುಟ್‌ರೆಸ್ಟಿನ ಬೋಲ್ಟು. ಕಾರು, ಗೂಡ್ಸ್ ಗಾಡಿಗಳಲ್ಲಿ ಚಕ್ರದ ನಟ್ಟುಗಳು ಮತ್ತು ಅಡಿಭಾಗದ ಬೋಲ್ಟುಗಳು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಲ್ಟಿವೇಟರ್, ರೋಟವೇಟರುಗಳ ಬ್ಲೇಡ್ ಬೋಲ್ಟುಗಳು. ಇವೆಲ್ಲ ನೀರು, ಕೆಸರು ಇಲ್ಲವೇ ಬಿಸಿ ನೇರವಾಗಿ ತಾಗುವ ಜಾಗಗಳು. ಮನೆಯಲ್ಲೇ ಚೈನ್ ಬಿಗಿ ಮಾಡಲು, ಬ್ರೇಕ್ ಶೂ ಬದಲಿಸಲು ಕುಳಿತವರ ಕೆಲಸ ನಿಂತುಹೋಗುವುದೂ ಹೆಚ್ಚಾಗಿ ಇಲ್ಲಿಯೇ. ಇಂಥ ಬೋಲ್ಟು ತೋಳಿನ ಬಲಕ್ಕಿಂತ ಕೆಲಸದ ಕ್ರಮಕ್ಕೆ ಬೇಗ ಬಗ್ಗುತ್ತದೆ.

ಕಚ್ಚಿಕೊಳ್ಳಲು ಕಾರಣ

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಕರಗಿಹೋದ ಕಬ್ಬಿಣಕ್ಕಿಂತ ಅದರಿಂದ ಹುಟ್ಟಿದ ತುಕ್ಕು ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಥ್ರೆಡ್ಡಿಗೂ ನಟ್ಟಿನ ಥ್ರೆಡ್ಡಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಲ್ಲಿ ತುಕ್ಕು ಉಬ್ಬಿದಾಗ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಅಲ್ಯೂಮಿನಿಯಂ ಎಂಜಿನ್ ಭಾಗಕ್ಕೆ ಉಕ್ಕಿನ ಬೋಲ್ಟು ಹಾಕಿರುವಲ್ಲಿ ಇನ್ನೊಂದು ತೊಂದರೆಯಿದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪಿನಂಶದ ನೀರು ನಿಂತರೆ ಬ್ಯಾಟರಿಯಲ್ಲಿ ಆಗುವಂಥದೇ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದು ಇದರ ಗುರುತು.

ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಸಮುದ್ರದಿಂದ ದೂರ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುವ ಈ ಬಯಲುಸೀಮೆಯಲ್ಲಿ ತುಕ್ಕು ಮಂಗಳೂರಿನಷ್ಟು ಬೇಗ ಹಬ್ಬುವುದಿಲ್ಲ. ಆದರೆ ಇಲ್ಲಿನ ವಾಹನಗಳು ಮಾಡುವ ಕೆಲಸವೇ ತುಕ್ಕಿಗೆ ದಾರಿ ಮಾಡುತ್ತದೆ. ಡೇರಿಗೆ ಹಾಲು ಒಯ್ಯುವ ಮೊಪೆಡ್ಡು ರಾತ್ರಿ ಕೊಟ್ಟಿಗೆಯ ಪಕ್ಕದಲ್ಲೇ ನಿಲ್ಲುತ್ತದೆ. ಗಂಜಲದ ಲವಣಗಳು ಲೋಹಕ್ಕೆ ತಾಗುತ್ತವೆ. ಹೊಲಕ್ಕೆ ಸಾಗಿಸುವ ಗೊಬ್ಬರ ಮೂಟೆಯಿಂದ ಉದುರಿದ ಯೂರಿಯಾ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಉಕ್ಕನ್ನು ತಿನ್ನುತ್ತದೆ. ಮಡ್‌ಗಾರ್ಡಿನೊಳಗೆ ಮೆತ್ತಿದ ಕೆಂಪು ಮಣ್ಣು ಮಳೆ ನಿಂತ ಮೇಲೂ ಒದ್ದೆಯಾಗಿರುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ತೊಳೆದು ಹಾಗೆಯೇ ಬಿಟ್ಟರೆ ನೀರು ಆರಿ ಲವಣ ಉಳಿಯುತ್ತದೆ. ಹೊರಗೆ ನಿಲ್ಲಿಸಿದ ವಾಹನವನ್ನು ಚಳಿಗಾಲದ ಇಬ್ಬನಿ ಬೆಳಗಿನವರೆಗೂ ನೆನೆಸುತ್ತದೆ.

ಕೈ ಹಾಕುವ ಮುನ್ನ

ವಾಹನವನ್ನು ಸಮನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಕಾರಾದರೆ ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗಬಾರದು. ಗಟ್ಟಿಯಾದ ಸ್ಟ್ಯಾಂಡಿನ ಆಸರೆ ಬೇಕು. ತುಕ್ಕಿನ ಚೂರು ಕಣ್ಣಿಗೆ ಹಾರುತ್ತದೆ, ಸ್ಪ್ಯಾನರ್ ಜಾರಿದರೆ ಬೆರಳ ಗೆಣ್ಣು ಕಿತ್ತುಹೋಗುತ್ತದೆ. ಕನ್ನಡಕ ಮತ್ತು ಕೈಗವಸು ಇಲ್ಲದೆ ಈ ಕೆಲಸ ಬೇಡ.

ಮೊದಲ ಕೆಲಸ ಸ್ವಚ್ಛತೆ. ಹೊರಗೆ ಕಾಣುವ ಥ್ರೆಡ್ಡಿನ ತುಕ್ಕನ್ನು, ಮಣ್ಣನ್ನು ವೈರ್ ಬ್ರಷ್ಷಿನಿಂದ ಪೂರ್ತಿ ಉಜ್ಜಿ ತೆಗೆಯಬೇಕು. ಇದನ್ನು ಬಿಟ್ಟರೆ ಬಿಚ್ಚುತ್ತಿರುವ ನಟ್ಟು ಅರ್ಧ ದಾರಿಯಲ್ಲಿ ಅದೇ ಕೊಳೆಗೆ ಸಿಕ್ಕಿ ಮತ್ತೆ ನಿಲ್ಲುತ್ತದೆ, ಎಣ್ಣೆಯೂ ಒಳಗಿಳಿಯುವುದಿಲ್ಲ.

ಎರಡನೆಯದು ಸರಿಯಾದ ಸ್ಪ್ಯಾನರ್. ಬಾಯಿ ತೆರೆದ ಸ್ಪ್ಯಾನರ್ ಬೋಲ್ಟಿನ ತಲೆಯನ್ನು ಎರಡೇ ಬದಿಯಲ್ಲಿ ಹಿಡಿಯುತ್ತದೆ. ಬಲ ಹೆಚ್ಚಾದರೆ ಮೂಲೆ ಸವೆದು ತಲೆ ದುಂಡಗಾಗುತ್ತದೆ. ರಿಂಗ್ ಸ್ಪ್ಯಾನರ್ ಇಲ್ಲವೇ ಒಳಗೆ ಆರು ಮೂಲೆಯಿರುವ ಸಾಕೆಟ್ ಸುತ್ತಲೂ ಹಿಡಿಯುವುದರಿಂದ ಅದೇ ಸುರಕ್ಷಿತ. ಸೈಜಿನ ಸ್ಪ್ಯಾನರ್ ಇಲ್ಲವೆಂದು ಸ್ವಲ್ಪ ದೊಡ್ಡದನ್ನು ಹಾಕಿ ತಿರುಗಿಸುವುದು ಬೋಲ್ಟನ್ನು ಕೆಡಿಸುವ ಖಚಿತ ದಾರಿ.

ಬೋಲ್ಟು ಯಾವ ಕಡೆಗೆ ಬಿಚ್ಚುತ್ತದೆಂಬುದೂ ಗೊತ್ತಿರಬೇಕು. ಬಹುತೇಕ ಎಲ್ಲವೂ ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚುತ್ತವೆ. ಸೈಕಲ್ಲಿನ ಎಡ ಪೆಡಲ್, ಯಮಹಾದ ಹಲವು ಬೈಕುಗಳ ಬಲಗಡೆಯ ಕನ್ನಡಿಯಂಥ ಕೆಲವದಕ್ಕೆ ಥ್ರೆಡ್ಡು ಉಲ್ಟಾ ಇರುತ್ತದೆ.

ಎಣ್ಣೆ, ಸಮಯ, ಪೆಟ್ಟು

ಸಂದಿಗೆ ಇಳಿಯುವ ತೆಳು ಎಣ್ಣೆ ಇಲ್ಲಿನ ಮುಖ್ಯ ಮದ್ದು. ತುಕ್ಕು ಬಿಡಿಸುವ ಸ್ಪ್ರೇಗಳು ಹಾರ್ಡ್‌ವೇರ್, ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಅವಿಲ್ಲದಿದ್ದರೆ ಡೀಸೆಲ್ಲೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ಎಂಜಿನ್ ಆಯಿಲ್ ಮತ್ತು ಗ್ರೀಸು ಮಂದವಾಗಿರುವುದರಿಂದ ಬಿಗಿದ ಸಂದಿಗೆ ಸುಲಭವಾಗಿ ಇಳಿಯವು. ಸಂಜೆ ಒಮ್ಮೆ ಎಣ್ಣೆ ಬಿಟ್ಟು, ರಾತ್ರಿ ಇನ್ನೊಮ್ಮೆ ಬಿಟ್ಟು, ಬೆಳಗ್ಗೆ ಕೆಲಸಕ್ಕೆ ಕೂತರೆ ಅರ್ಧ ಕಷ್ಟ ಕಳೆದಿರುತ್ತದೆ. ಬ್ರೇಕ್ ಡಿಸ್ಕ್, ಬ್ರೇಕ್ ಶೂಗಳಿಗೆ ಎಣ್ಣೆ ಸೋಕಬಾರದು. ಸೋಕಿದ ಬ್ರೇಕು ಹಿಡಿಯುವುದಿಲ್ಲ. ಅಲ್ಲಿ ಮೊದಲೇ ಬಟ್ಟೆ ಮುಚ್ಚಿರಬೇಕು.

ಎಣ್ಣೆ ಬಿಟ್ಟ ಮೇಲೆ ಬೋಲ್ಟಿನ ತಲೆಯ ಮೇಲೆ ನೇರವಾಗಿ ಸುತ್ತಿಗೆಯ ಚುರುಕು ಪೆಟ್ಟುಗಳು ಬೀಳಬೇಕು. ಅದುರುವಿಕೆಗೆ ಗಡುಸಾದ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಥ್ರೆಡ್ಡಿನ ತುದಿಗೆ ನೇರವಾಗಿ ಬಡಿದರೆ ಥ್ರೆಡ್ಡು ಚಪ್ಪಟೆಯಾಗುತ್ತದೆ. ಅಲ್ಲಿಗೆ ಹಳೆಯ ನಟ್ಟೊಂದನ್ನು ಹಾಕಿ ಬಡಿಯಬಹುದು. ಅಲ್ಯೂಮಿನಿಯಂ ಭಾಗಗಳ ಮೇಲೆ ಪೆಟ್ಟು ಹಗುರವಾಗಿರಬೇಕು. ಎಂಜಿನ್ ಕವರಿನ ಸ್ಟಾರ್ ಸ್ಕ್ರೂಗಳಿಗೆ ಸುತ್ತಿಗೆಯಲ್ಲಿ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಒಳ್ಳೆಯ ಸಾಧನ.

ತಿರುಗಿಸುವಾಗ ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ಒತ್ತಬೇಕು. ಸ್ವಲ್ಪ ಅಲುಗಾಡಿದರೆ ಒಂದೇ ಸಮ ಬಿಚ್ಚುತ್ತ ಹೋಗಬಾರದು. ಕಾಲು ಸುತ್ತು ಬಿಚ್ಚಿ, ಅರೆಕಾಲು ಸುತ್ತು ಹಿಂದಕ್ಕೆ ಬಿಗಿದು, ಮತ್ತೆ ಎಣ್ಣೆ ಬಿಟ್ಟು ಮುಂದುವರಿಯಬೇಕು. ಪುಡಿಯಾದ ತುಕ್ಕು ಆಗ ಎಣ್ಣೆಯೊಂದಿಗೆ ಹೊರಬರುತ್ತದೆ.

ಎಷ್ಟು ಬಲ ಹಾಕಬಹುದೆಂಬುದಕ್ಕೂ ಲೆಕ್ಕವಿದೆ. 10 ಮಿ.ಮೀ. ಸ್ಪ್ಯಾನರ್ ಹಿಡಿಸುವ ಎಂ6 ಬೋಲ್ಟನ್ನು ಸಾಮಾನ್ಯವಾಗಿ ಬಿಗಿಯುವುದು ಸುಮಾರು 10 ನ್ಯೂಟನ್ ಮೀಟರ್ ಬಲದಲ್ಲಿ. 15 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಗೆ 20 ಕೆ.ಜಿ.ಯಷ್ಟು ಒತ್ತಡ ಹಾಕಿದರೆ ಸುಮಾರು 30 ನ್ಯೂಟನ್ ಮೀಟರ್ ಆಗುತ್ತದೆ. ಅಷ್ಟಕ್ಕೆ ಆ ಬೋಲ್ಟು ಮುರಿದೇ ಹೋಗುತ್ತದೆ. ಆದ್ದರಿಂದ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವುದು ಚಕ್ರದ ನಟ್ಟಿನಂಥ ದಪ್ಪ ಬೋಲ್ಟುಗಳಿಗೆ ಮಾತ್ರ ಸಲ್ಲುತ್ತದೆ. ಬೋಲ್ಟು ರಬ್ಬರಿನಂತೆ ಮೆತ್ತಗೆ ತಿರುಚಿಕೊಳ್ಳುತ್ತಿದೆ ಎಂದು ಕೈಗೆ ಅನಿಸಿದ ಕೂಡಲೇ ನಿಲ್ಲಿಸಬೇಕು. ಅದು ಮುರಿಯುವ ಮುನ್ಸೂಚನೆ.

ಬಿಸಿ

ಎಣ್ಣೆಗೂ ಪೆಟ್ಟಿಗೂ ಜಗ್ಗದ ನಟ್ಟಿಗೆ ಬಿಸಿ ಕೊಡಬೇಕಾಗುತ್ತದೆ. 10 ಮಿ.ಮೀ. ಉಕ್ಕಿನ ನಟ್ಟಿನ ರಂಧ್ರ 200 ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚಿದಾಗ ಸುಮಾರು 0.024 ಮಿ.ಮೀ. ಅಗಲವಾಗುತ್ತದೆ. ಕಾಣಲು ಅತ್ಯಲ್ಪವಾದರೂ ತುಕ್ಕಿನ ಹಿಡಿತ ಒಡೆಯಲು ಅದು ಸಾಕು. ಬಿಸಿ ನಟ್ಟಿಗೆ ತಾಗಬೇಕು, ಬೋಲ್ಟಿಗೆ ಆದಷ್ಟು ಕಡಿಮೆ ತಾಗಬೇಕು. ಸ್ವಲ್ಪ ಆರಿದ ಮೇಲೆ ಥ್ರೆಡ್ಡಿಗೆ ಮೇಣದ ಬತ್ತಿಯನ್ನು ಒತ್ತಿ ಹಿಡಿದರೆ ಮೇಣ ಕರಗಿ ಸಂದಿಗಿಳಿದು ಜಾರುಗುಣ ಕೊಡುತ್ತದೆ.

ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಭಾಗವನ್ನು ಹಾಟ್ ಏರ್ ಗನ್ನಿನಿಂದ ಸಮನಾಗಿ ಬಿಸಿ ಮಾಡಿದರೆ ಒಳಗಿನ ಉಕ್ಕಿನ ಬೋಲ್ಟು ಸಡಿಲಾಗುತ್ತದೆ. ಅಲ್ಲಿ ಬೆಂಕಿಯ ಜ್ವಾಲೆ ಬೇಡ. ಉಕ್ಕಿನಂತೆ ಕೆಂಪಾಗಿ ಎಚ್ಚರಿಕೆ ಕೊಡದೆಯೇ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪೆಟ್ರೋಲ್ ಟ್ಯಾಂಕು, ಕಾರ್ಬ್ಯುರೇಟರ್, ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಶಾಕ್ ಅಬ್ಸಾರ್ಬರ್, ಟೈರುಗಳ ಹತ್ತಿರ ಗ್ಯಾಸ್ ಟಾರ್ಚ್ ಹಚ್ಚಲೇಬಾರದು. ಈಗಷ್ಟೇ ಸ್ಪ್ರೇ ಹೊಡೆದ ಜಾಗವೂ ಬೆಂಕಿ ಹಿಡಿಯುತ್ತದೆ. ಕೆಂಪಗೆ ಕಾಯಿಸಿದ ಬೋಲ್ಟು ತನ್ನ ಗಟ್ಟಿತನ ಕಳೆದುಕೊಂಡಿರುತ್ತದೆ. ಅದನ್ನು ಮತ್ತೆ ಬಳಸಬಾರದು.

ತಲೆ ಸವೆದರೆ, ಬೋಲ್ಟು ಮುರಿದರೆ

ತಲೆ ದುಂಡಗಾಗಿದ್ದರೆ ಅರದಿಂದ ಎರಡು ಬದಿ ಉಜ್ಜಿ ಚಿಕ್ಕ ಸೈಜಿನ ಸ್ಪ್ಯಾನರಿಗೆ ಕೂರುವಂತೆ ಮಾಡಬಹುದು, ಇಲ್ಲವೇ ಲಾಕಿಂಗ್ ಪ್ಲೈಯರಿನಲ್ಲಿ ಬಿಗಿಯಾಗಿ ಹಿಡಿಯಬಹುದು. ನಟ್ಟನ್ನು ಉಳಿಸಿಕೊಳ್ಳಬೇಕಿಲ್ಲವಾದರೆ ಚಾಣದಿಂದ ಅಥವಾ ಹ್ಯಾಕ್ಸಾದಿಂದ ಸೀಳಿ ತೆಗೆಯುವುದು ಬೇಗ. ರೋಟವೇಟರ್ ಬ್ಲೇಡಿನ ಬೋಲ್ಟುಗಳನ್ನು ಕತ್ತರಿಸಿ ಹೊಸತು ಹಾಕುವುದೇ ಲಾಭ. ಬ್ಲೇಡು ಬದಲಿಸುವಾಗ ಹೇಗೂ ಹೊಸ ಬೋಲ್ಟು ಬೇಕು.

ಬೋಲ್ಟು ರಂಧ್ರದೊಳಗೇ ಮುರಿದರೆ ಉಳಿದ ತುಂಡಿನ ಮೇಲೆ ನಟ್ಟಿಟ್ಟು ವೆಲ್ಡಿಂಗ್ ಮಾಡಿ ತಿರುಗಿಸುವುದು ಒಂದು ಉಪಾಯ. ವೆಲ್ಡಿಂಗಿನ ಬಿಸಿಯೇ ತುಕ್ಕನ್ನು ಸಡಿಲಿಸುತ್ತದೆ. ಅದಕ್ಕೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿರಬೇಕು. ಇನ್ನೊಂದು ಉಪಾಯ ಡ್ರಿಲ್ಲಿಂಗ್: ನಟ್ಟನಡುವೆ ಸೆಂಟರ್ ಪಂಚ್ ಹೊಡೆದು, ಕೊರೆದು, ಹೊಸ ಥ್ರೆಡ್ಡಿಗೆ ಟ್ಯಾಪ್ ಹಾಕುವುದು. ಎಂ6 ಬೋಲ್ಟಿಗೆ 5 ಮಿ.ಮೀ., ಎಂ8ಕ್ಕೆ 6.8 ಮಿ.ಮೀ., ಎಂ10ಕ್ಕೆ 8.5 ಮಿ.ಮೀ. ಡ್ರಿಲ್ ಬೇಕು. ಕೊರೆತ ಒಂದು ಮಿ.ಮೀ. ಓರೆಯಾದರೂ ಎಂಜಿನ್ ಭಾಗವೇ ಹಾಳಾಗುವುದರಿಂದ ಇದು ಅನುಭವಿಗಳ ಕೆಲಸ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಹೊಸಕೋಟೆಗಳಂಥ ಕೈಗಾರಿಕಾ ಪ್ರದೇಶಗಳ ಆಸುಪಾಸಿನಲ್ಲಿ ಲೇತ್, ವೆಲ್ಡಿಂಗ್ ಅಂಗಡಿಗಳು ಸಿಗುತ್ತವೆ. ಬ್ರೇಕು, ಸ್ಟೀರಿಂಗ್, ಚಕ್ರಗಳ ಬೋಲ್ಟು ಮುರಿದಾಗ ಮನೆಯ ಪ್ರಯೋಗ ನಿಲ್ಲಿಸಿ ಅಲ್ಲಿಗೆ ಹೋಗುವುದೇ ಸರಿ.

ಮತ್ತೆ ಜೋಡಿಸುವಾಗ

ಬಿಚ್ಚಿದ ಹಳೆಯ ಬೋಲ್ಟು ತುಕ್ಕು ತಿಂದು ಸಣ್ಣಗಾಗಿದ್ದರೆ ಹೊಸದನ್ನೇ ಹಾಕಬೇಕು. ಬೋಲ್ಟಿನ ತಲೆಯ ಮೇಲಿನ 8.8 ಎಂಬ ಗುರುತು ಅದರ ಶಕ್ತಿಯನ್ನು ಹೇಳುತ್ತದೆ. ಅದೇ ದರ್ಜೆಯದನ್ನು ಕೇಳಿ ತರಬೇಕು. ಥ್ರೆಡ್ಡನ್ನು ಉಜ್ಜಿ ತೆಳುವಾಗಿ ಗ್ರೀಸು ಸವರಬೇಕು. ಸೈಲೆನ್ಸರಿನಂಥ ಬಿಸಿ ಜಾಗಕ್ಕೆ ಗ್ರೀಸು ಸುಟ್ಟುಹೋಗುವುದರಿಂದ ತಾಮ್ರದ ಪುಡಿ ಬೆರೆತ ಆ್ಯಂಟಿ ಸೀಜ್ ಪೇಸ್ಟು ಬೇಕು. ಜಿಡ್ಡು ಹಚ್ಚಿದ ಬೋಲ್ಟು ಅದೇ ಬಲಕ್ಕೆ ಹೆಚ್ಚು ಬಿಗಿಯಾಗುತ್ತದೆ ಎಂಬುದನ್ನು ಮರೆಯಬಾರದು. ಕಂಪನಿಯ ಕೈಪಿಡಿ ಹೇಳದ ಹೊರತು ಚಕ್ರದ ನಟ್ಟುಗಳಿಗೆ ಜಿಡ್ಡು ಹಚ್ಚಬಾರದು. ಮೊದಲ ಎರಡು ಮೂರು ಸುತ್ತನ್ನು ಕೈಯಲ್ಲೇ ಹಾಕಿದರೆ ಥ್ರೆಡ್ಡು ಓರೆಯಾಗಿ ಕೂರುವುದಿಲ್ಲ.

ಗೊಬ್ಬರ ಸಾಗಿಸಿದ ದಿನವೇ ವಾಹನ ತೊಳೆದು ಒರೆಸುವುದು, ಕೊಟ್ಟಿಗೆಯಿಂದ ದೂರ ನಿಲ್ಲಿಸುವುದು, ಮಡ್‌ಗಾರ್ಡಿನ ಮಣ್ಣು ಕೆರೆದು ತೆಗೆಯುವುದು ಇವೇ ತುಕ್ಕಿಗೆ ಅಗ್ಗದ ತಡೆ. ಮುಂಗಾರಿಗೆ ಮುನ್ನ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನ ಜೋರು ಮಳೆ ಮುಗಿದ ಮೇಲೆ ಒಮ್ಮೆ, ಮೇಲೆ ಹೇಳಿದ ಬೋಲ್ಟುಗಳಲ್ಲಿ ಮನೆಯಲ್ಲಿ ಬಿಚ್ಚಬಹುದಾದವನ್ನು ಒಂದೊಂದಾಗಿ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಬೇಕು. ವರ್ಷಕ್ಕೆ ಎರಡು ಬಾರಿ ಬಿಚ್ಚಿದ ಬೋಲ್ಟು ಕಚ್ಚಿಕೊಳ್ಳುವುದು ಅಪರೂಪ.