ಗಮನ ನಿಲ್ಲದ ಮಗು: ತಪಾಸಣೆಯಿಂದ ತರಗತಿಯವರೆಗೆ

ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯನ್ನು ವೈದ್ಯರು ಎಡಿಎಚ್‌ಡಿ ಎಂದು ಕರೆಯುತ್ತಾರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಕ್ಕಳಲ್ಲಿ ಶೇ. 5ರಷ್ಟು ಮಂದಿಗೆ ಇದು ಇರುತ್ತದೆ. 40 ಮಕ್ಕಳ ತರಗತಿಯಲ್ಲಿ ಸರಾಸರಿ ಇಬ್ಬರು ಎಂದಾಯಿತು. ಶಿಕ್ಷಕರು ಈ ಇಬ್ಬರನ್ನೂ ದಿನವೂ ನೋಡುತ್ತಾರೆ, ಆದರೆ ಒಬ್ಬನಿಗೆ ತುಂಟ ಎಂದೂ ಇನ್ನೊಬ್ಬಳಿಗೆ ಸೋಮಾರಿ ಎಂದೂ ಹೆಸರು ಬಿದ್ದಿರುತ್ತದೆ. ‘ಬುದ್ಧಿ ಇದೆ, ಓದೋ ಮನಸ್ಸಿಲ್ಲ’ ಎಂಬ ಮಾತು ಪೋಷಕರ ಸಭೆಯಲ್ಲಿ ವರ್ಷ ವರ್ಷವೂ ಕೇಳಿಬರುತ್ತದೆ. ತಪಾಸಣೆ ತಡವಾಗಲು ಈ ಮಾತೇ ದೊಡ್ಡ ಕಾರಣ.

ತೊಂದರೆ ಎಲ್ಲ ಮಕ್ಕಳಲ್ಲೂ ಒಂದೇ ರೀತಿ ಕಾಣುವುದಿಲ್ಲ. ಕೆಲವರು ಕುಳಿತಲ್ಲಿ ಕೂರಲಾರರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾರೆ, ಆಟದಲ್ಲಿ ತಮ್ಮ ಸರದಿಗೆ ಕಾಯುವುದಿಲ್ಲ. ಇನ್ನು ಕೆಲವರು ಯಾರಿಗೂ ತೊಂದರೆ ಕೊಡದೆ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಾರೆ, ಪಾಠ ಮಾತ್ರ ಅವರ ಕಿವಿಗೆ ಬಿದ್ದಿರುವುದಿಲ್ಲ. ಎರಡೂ ಬೆರೆತಿರುವವರೂ ಇದ್ದಾರೆ. ಗಲಾಟೆ ಮಾಡುವ ಮಗು ಬೇಗ ಕಣ್ಣಿಗೆ ಬೀಳುತ್ತದೆ. ಸುಮ್ಮನಿರುವ ಮಗು, ಅದರಲ್ಲೂ ಹೆಣ್ಣುಮಗು, ಹೈಸ್ಕೂಲಿಗೆ ಬರುವವರೆಗೂ ಯಾರ ಗಮನಕ್ಕೂ ಬಾರದೆ ಉಳಿದುಬಿಡುವುದುಂಟು.

ಇಂಥ ಮಗುವಿನ ನೋಟ್‌ಬುಕ್ ತೆರೆದು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಪುಟದ ಮೊದಲ ಎರಡು ಸಾಲು ದುಂಡಗಿರುತ್ತವೆ. ಮೂರನೆಯ ಸಾಲಿಗೆ ಒತ್ತಕ್ಷರ ಬಿಟ್ಟುಹೋಗುತ್ತದೆ, ಐದನೆಯದರಲ್ಲಿ ಒಂದೆರಡು ಪದವೇ ಇರುವುದಿಲ್ಲ, ಆಮೇಲೆ ಪುಟ ಖಾಲಿ. ಲೆಕ್ಕದಲ್ಲಿ ಕಳೆಯುವ ಕಡೆ ಕೂಡಿಸಲಾಗಿದೆ, ಆದರೆ ಕೂಡಿಸಿದ್ದು ತಪ್ಪಿಲ್ಲ. ಡೈರಿಯಲ್ಲಿ ಹೋಂವರ್ಕ್ ಅರ್ಧಕ್ಕೆ ನಿಂತಿದೆ, ಪುಟ ಸಂಖ್ಯೆ ಬರೆದಿಲ್ಲ. ವಿಷಯ ಬಾರದ ಮಗುವಿನ ತಪ್ಪುಗಳು ಹೀಗಿರುವುದಿಲ್ಲ. ಬಲ್ಲ ವಿಷಯವನ್ನೂ ಕೊನೆಯವರೆಗೆ ಹಿಡಿದುಕೊಂಡು ಹೋಗಲಾಗದ ಮಗುವಿನ ಪುಟವಿದು.

ಇದೆಲ್ಲ ಮೊಬೈಲ್ ಬಂದಮೇಲಿನ ರೋಗ ಎಂಬ ನಂಬಿಕೆ ಹರಡಿದೆ. ಆದರೆ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದ್ದರು. ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ವಂಶವಾಹಿಗಳ ಪಾಲು ಬಹಳ ದೊಡ್ಡದೆಂದು, ಸುಮಾರು ಶೇ. 70ರಿಂದ 80ರಷ್ಟೆಂದು, ತೋರಿಸಿವೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಿದುಳಿನ ಹೊರಪದರ ಸಾಮಾನ್ಯ ಮಕ್ಕಳಲ್ಲಿ ಏಳೂವರೆ ವರ್ಷದ ಹೊತ್ತಿಗೆ ತಲುಪುವ ಹಂತವನ್ನು ಈ ಮಕ್ಕಳಲ್ಲಿ ತಲುಪುವುದು ಹತ್ತೂವರೆ ವರ್ಷದ ಹೊತ್ತಿಗೆ. ರಾತ್ರಿಯೆಲ್ಲ ಮೊಬೈಲ್ ನೋಡಿ ನಿದ್ದೆಗೆಟ್ಟರೆ ತೊಂದರೆ ಹೆಚ್ಚುತ್ತದೆ ಎಂಬುದು ನಿಜ, ತೊಂದರೆಯ ಮೂಲ ಮಾತ್ರ ಅದಲ್ಲ. ‘ತಾಯಿ ಮುದ್ದು ಮಾಡಿ ಕೆಡಿಸಿದಳು’ ಎನ್ನುವುದಕ್ಕೂ ಆಧಾರವಿಲ್ಲ. ಮನೆಮಂದಿಯ ಇಂಥ ಮಾತಿಗೆ ಹೆದರಿಯೇ ಎಷ್ಟೋ ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಗಮನ ನಿಲ್ಲದ ಪ್ರತಿ ಮಗುವಿಗೂ ಎಡಿಎಚ್‌ಡಿ ಇರುತ್ತದೆಂದೂ ಅಲ್ಲ. ಹಾಗಾಗಿ ಮೊದಲು ಹೋಗಬೇಕಾದದ್ದು ಮಕ್ಕಳ ವೈದ್ಯರ ಬಳಿಗೆ. ಕಿವಿ ಮಂದವಾಗಿದ್ದರೆ ಅಥವಾ ಬೋರ್ಡು ಸರಿಯಾಗಿ ಕಾಣದಿದ್ದರೆ ಯಾವ ಮಗುವಾದರೂ ಪಾಠದಿಂದ ಜಾರುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಗೊರಕೆಯಿಂದಾಗಿ ಕೆಡುವ ನಿದ್ದೆ ಇವೂ ಗಮನವನ್ನು ಕದಡುತ್ತವೆ. ಒಂದು ಬಗೆಯ ಮೂರ್ಛೆರೋಗದಲ್ಲಿ ಮಗು ಕೆಲವು ಸೆಕೆಂಡು ಶೂನ್ಯವಾಗಿ ನೋಡಿ ಮತ್ತೆ ಎಂದಿನಂತಾಗುತ್ತದೆ. ತರಗತಿಯಲ್ಲಿ ಅದನ್ನು ಹಗಲುಗನಸು ಎಂದೇ ತಿಳಿಯುತ್ತಾರೆ. ಮನೆಯಲ್ಲಿ ಲಂಬಾಣಿ, ತುಳು ಅಥವಾ ಉರ್ದು ಆಡುವ ಮಗುವನ್ನು ನೇರ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಾಗ, ಪಾಠವೇ ಅರ್ಥವಾಗದೆ ಅದು ಕಿಟಕಿಯಾಚೆ ನೋಡುತ್ತಿರಬಹುದು. ಮನೆಯ ಜಗಳ, ಕುಡಿತ, ಯಾರೋ ಕೊಡುತ್ತಿರುವ ಹಿಂಸೆ ಇವನ್ನೂ ವೈದ್ಯರು ಕೇಳಿಯೇ ಕೇಳುತ್ತಾರೆ, ಮುಚ್ಚಿಡಬಾರದು. ಒಂದು ವರ್ಷ ಉಳಿಯಲಿ ಎಂದು ಬೇಗ ಶಾಲೆಗೆ ಸೇರಿಸುವ ತಂದೆತಾಯಂದಿರು ಇನ್ನೊಂದನ್ನು ತಿಳಿದಿರಬೇಕು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಹೆಚ್ಚಾಗಿ ಬೀಳುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಅಲ್ಲಿ ಹಲವರ ಕೊರತೆ ಬರೀ ವಯಸ್ಸಿನದು.

ಇವನ್ನೆಲ್ಲ ಬದಿಗಿರಿಸಿದ ಮೇಲೆ ಮಕ್ಕಳ ಮನೋವೈದ್ಯರ ಸರದಿ. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನ್‌ನಿಂದಾಗಲಿ ಎಡಿಎಚ್‌ಡಿ ತಿಳಿಯುವುದಿಲ್ಲ. ಒಂದೇ ಸ್ಕ್ಯಾನಿನಲ್ಲಿ ಹೇಳಿಬಿಡುತ್ತೇವೆ ಎನ್ನುವವರಿಂದ ದೂರವಿರುವುದು ಒಳ್ಳೆಯದು. ನಿರ್ಣಯ ನಿಂತಿರುವುದು ಮಗುವಿನ ನಡವಳಿಕೆಯ ಚರಿತ್ರೆಯ ಮೇಲೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಮಾನದಂಡವನ್ನು ನಮ್ಮಲ್ಲೂ ಬಳಸುತ್ತಾರೆ. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣ, ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳ ಪೈಕಿ ಯಾವುದಾದರೂ ಒಂದು ಗುಂಪಿನ ಆರಾದರೂ ಇರಬೇಕು. ಅವು ಕನಿಷ್ಠ 6 ತಿಂಗಳಿಂದ ಇರಬೇಕು, ಕೆಲವಾದರೂ 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಕಾಣಬೇಕು, ಮಗುವಿನ ಓದಿಗೋ ಒಡನಾಟಕ್ಕೋ ಅಡ್ಡಿಯಾಗಿರಬೇಕು.

ಎರಡು ಕಡೆಗಳಲ್ಲಿ ಕಾಣಬೇಕು ಎಂಬ ಈ ನಿಯಮದಿಂದಾಗಿಯೇ ಶಿಕ್ಷಕರ ಮಾತಿಗೆ ಇಲ್ಲಿ ವೈದ್ಯರ ಮಾತಿನಷ್ಟೇ ತೂಕ. ಆಸ್ಪತ್ರೆಯಲ್ಲಿ ಶಿಕ್ಷಕರಿಗೆಂದು ಒಂದು ಪ್ರಶ್ನಾವಳಿ ಕೊಟ್ಟು ಕಳಿಸುತ್ತಾರೆ. ಅದರ ಜೊತೆ ಶಿಕ್ಷಕರಿಂದ ಅರ್ಧ ಪುಟದ ಟಿಪ್ಪಣಿ ಬರೆಸಿಕೊಂಡು ಹೋದರೆ ಬಹಳ ಉಪಯೋಗ. ‘ಹುಡುಗ ಓದುವುದಿಲ್ಲ, ಹತೋಟಿಯಲ್ಲಿಲ್ಲ’ ಎಂದು ಬರೆದರೆ ವೈದ್ಯರಿಗೆ ಏನೂ ಸಿಗುವುದಿಲ್ಲ. ‘ಗಣಿತದ ಪೀರಿಯಡ್‌ನಲ್ಲಿ ಹತ್ತು ನಿಮಿಷಕ್ಕೆ ಮೂರು ಸಲ ಎದ್ದ, ಬೋರ್ಡಿನ ಐದು ಸಾಲುಗಳಲ್ಲಿ ಎರಡನ್ನು ಬರೆದುಕೊಂಡ, ಪಕ್ಕದಲ್ಲಿ ಕೂರಿಸಿಕೊಂಡು ಬಾಯಲ್ಲಿ ಕೇಳಿದಾಗ ಎಲ್ಲ ಲೆಕ್ಕ ಹೇಳಿದ’ ಎಂಬಂಥ ಟಿಪ್ಪಣಿ ಗಂಟೆಗಟ್ಟಲೆ ವಿಚಾರಣೆಯ ಕೆಲಸ ಮಾಡುತ್ತದೆ. ಕಳೆದ ಎರಡು ವರ್ಷದ ಅಂಕಪಟ್ಟಿ, ನಾಲ್ಕಾರು ನೋಟ್‌ಬುಕ್‌ಗಳೂ ಚೀಲದಲ್ಲಿರಲಿ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಉತ್ತರದ ಜಿಲ್ಲೆಗಳವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮಾತು, ಶ್ರವಣ, ಭಾಷೆಯ ತೊಂದರೆಯ ಅನುಮಾನವೂ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಎಲ್ಲರೂ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲೂ ತಪಾಸಣೆ ಸಾಧ್ಯ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುವ ತಂಡದ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಆ ತಂಡ ಬಂದ ದಿನ ಶಿಕ್ಷಕರು ಮಗುವನ್ನು ತೋರಿಸಿದರೆ ಅಲ್ಲಿಂದ ಮೇಲಿನ ಆಸ್ಪತ್ರೆಗೆ ಚೀಟಿ ಸಿಗುತ್ತದೆ. ಎಲ್ಲಿಂದ ಶುರು ಮಾಡಬೇಕೆಂದು ತೋಚದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಚಿಕಿತ್ಸೆಯಲ್ಲಿ ಎರಡು ಪಾಲು. ಆರು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಮಾತ್ರೆಯಿಂದ ಶುರು ಮಾಡುವುದಿಲ್ಲ. ತಂದೆತಾಯಿಗೆ ಮಗುವನ್ನು ನಡೆಸಿಕೊಳ್ಳುವ ರೀತಿಯ ತರಬೇತಿಯೇ ಮೊದಲ ಚಿಕಿತ್ಸೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಅಗತ್ಯ ನೋಡಿ ಮೀಥೈಲ್‌ಫೆನಿಡೇಟ್ ಅಥವಾ ಆಟಮಾಕ್ಸಿಟಿನ್ ಕೊಡುತ್ತಾರೆ. ಇವು ಮಗುವನ್ನು ಮಂಕುಗೊಳಿಸಿ ಮಲಗಿಸುವ ಮಾತ್ರೆಗಳಲ್ಲ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯ ಅಡ್ಡಪರಿಣಾಮಗಳಾದ್ದರಿಂದ ತೂಕ, ಎತ್ತರ, ನಾಡಿ, ರಕ್ತದೊತ್ತಡವನ್ನು ಆಗಾಗ ನೋಡುತ್ತಿರಬೇಕು. ಪರೀಕ್ಷೆಯ ಸೀಸನ್ನಿನಲ್ಲಿ ಜಾಹೀರಾತಾಗುವ ನೆನಪಿನ ಶಕ್ತಿಯ ಟಾನಿಕ್‌ಗಳು ಇದಕ್ಕೆ ಬದಲಿಯಲ್ಲ.

ಇನ್ನು ಶಾಲೆ. ಇಲ್ಲಿ ಹೆಚ್ಚಿನ ಕುಟುಂಬಗಳು ಎಡವುವುದು ಸರ್ಟಿಫಿಕೇಟಿನ ವಿಷಯದಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿದೆ, ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಆದ್ದರಿಂದ ಎಡಿಎಚ್‌ಡಿ ಒಂದೇ ಇದ್ದರೆ ಅಂಗವೈಕಲ್ಯ ಪ್ರಮಾಣಪತ್ರ ಸಿಗುವುದಿಲ್ಲ. ಇದು ಕಾಯ್ದೆಯ ಕೊರತೆ, ಸರಿಪಡಿಸಬೇಕಾದದ್ದು. ಆದರೆ ಈ ಮಕ್ಕಳಲ್ಲಿ ಹಲವರಿಗೆ ಓದು, ಬರಹ ಅಥವಾ ಲೆಕ್ಕದ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಅದರ ಪರೀಕ್ಷೆ ಮಾಡುತ್ತಾರೆ. ಎಡಿಎಚ್‌ಡಿ ಇದೆ ಎಂದಾದಾಗಲೇ ಆ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೆಯ ಅಥವಾ ಮೂರನೆಯ ಭಾಷೆಯಿಂದ ವಿನಾಯಿತಿ ಇವಕ್ಕೆಲ್ಲ ಆ ಪ್ರಮಾಣಪತ್ರ ದಾರಿ ಮಾಡುತ್ತದೆ. ಪರೀಕ್ಷಾ ಮಂಡಳಿಗಳ ನಿಯಮಗಳು ಬೇರೆ ಬೇರೆ, ಅರ್ಜಿ ಹೋಗಬೇಕಾದದ್ದು ಶಾಲೆಯ ಮೂಲಕ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡುವ ಬದಲು ಎಂಟು, ಒಂಬತ್ತನೇ ತರಗತಿಯಲ್ಲೇ ಮುಖ್ಯ ಶಿಕ್ಷಕರ ಬಳಿ ಮಾತಾಡಿರಬೇಕು.

ಇಷ್ಟಾದರೂ, ಮಗುವಿಗೆ ದಿನದಿನ ಬೇಕಾದ ನೆರವಿಗೆ ಯಾವ ಸರ್ಟಿಫಿಕೇಟೂ ಬೇಡ. ಮುಂದಿನ ಸಾಲಿನಲ್ಲಿ, ಬಾಗಿಲು ಕಿಟಕಿಗಳಿಂದ ದೂರ, ಶಾಂತ ಸ್ವಭಾವದ ಮಕ್ಕಳ ನಡುವೆ ಕೂರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ‘ಪುಸ್ತಕ ತೆಗೆದು, 42ನೇ ಪುಟ ತೆರೆದು, ಮೂರನೇ ಲೆಕ್ಕ ಮಾಡಿ, ಆಮೇಲೆ ತಂದು ತೋರಿಸಿ’ ಎಂದು ಒಂದೇ ಉಸಿರಿಗೆ ಹೇಳಿದರೆ ಈ ಮಗುವಿಗೆ ಪುಸ್ತಕ ತೆಗೆಯುವುದಷ್ಟೇ ನೆನಪಿರುತ್ತದೆ. ಒಂದೊಂದಾಗಿ ಹೇಳಿ, ಏನು ಹೇಳಿದೆ ಎಂದು ಮಗುವಿನ ಬಾಯಲ್ಲೇ ಹೇಳಿಸಬೇಕು. ಹತ್ತು ಲೆಕ್ಕವನ್ನು ಐದೈದಾಗಿ ಒಡೆದುಕೊಟ್ಟು ನಡುವೆ ಬೋರ್ಡು ಒರೆಸಲೋ ನೋಟ್‌ಬುಕ್ ಹಂಚಲೋ ಎಬ್ಬಿಸಿದರೆ ಮೈಗೆ ಬೇಕಾದ ಓಡಾಟ ಸಿಗುತ್ತದೆ, ಶಿಕ್ಷೆಯಾಗುವುದು ತಪ್ಪುತ್ತದೆ. ಮನೆಗೆ ಹೊರಡುವ ಮುನ್ನ ಡೈರಿ ನೋಡಿ ಸಹಿ ಹಾಕಲು ಅರ್ಧ ನಿಮಿಷ ಸಾಕು.

ಎರಡು ರೂಢಿಗಳನ್ನು ಮಾತ್ರ ಕೈಬಿಡಲೇಬೇಕು. ಒಂದು, ತಪ್ಪಿಗೆ ಶಿಕ್ಷೆಯೆಂದು ಆಟದ ಪೀರಿಯಡ್ ಕಿತ್ತುಕೊಳ್ಳುವುದು; ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಾದ ಮಗುವಿಗೇ ಅದು ತಪ್ಪಿಹೋಗುತ್ತದೆ. ಇನ್ನೊಂದು, ಮಾತಾಡಿದವರ ಹೆಸರನ್ನು ಮಾನಿಟರ್ ಕೈಯಲ್ಲಿ ಬೋರ್ಡಿನ ಮೇಲೆ ಬರೆಸುವುದು. ಈ ಮಗುವಿನ ಹೆಸರು ಅಲ್ಲಿ ದಿನವೂ ಇರುತ್ತದೆ, ಸ್ವಲ್ಪ ದಿನಕ್ಕೆ ಮಗುವೇ ತಾನು ಕೆಟ್ಟವನೆಂದು ಒಪ್ಪಿಕೊಂಡುಬಿಡುತ್ತದೆ.

ದಿನದ ವರದಿ ಚೀಟಿ ಎಂಬ ಪದ್ಧತಿ ಬಹಳ ಕಡೆ ಫಲ ಕೊಟ್ಟಿದೆ. ಒಂದು ಕಾರ್ಡಿನಲ್ಲಿ ಮೂರೇ ಗುರಿ: ಕೈ ಎತ್ತಿ ಮಾತಾಡಿದೆ, ಕೊಟ್ಟ ಕೆಲಸ ಮುಗಿಸಿದೆ, ಡೈರಿ ಬರೆದುಕೊಂಡೆ. ಪ್ರತಿ ಪೀರಿಯಡ್ ಕೊನೆಗೆ ಶಿಕ್ಷಕರು ಗುರುತು ಹಾಕುತ್ತಾರೆ. ಸಂಜೆ ಮನೆಯಲ್ಲಿ ಗುರುತು ಎಣಿಸಿ, ಇಂತಿಷ್ಟಾದರೆ ಅರ್ಧ ಗಂಟೆ ಹೆಚ್ಚು ಆಟ ಎಂಬಂಥ ಸಣ್ಣ ಬಹುಮಾನ ಕೊಡುತ್ತಾರೆ. ಬಹುಮಾನ ಅಂದಂದೇ ಸಿಗಬೇಕು. ‘ವರ್ಷದ ಕೊನೆಗೆ ಸೈಕಲ್’ ಈ ಮಕ್ಕಳ ಮಟ್ಟಿಗೆ ಇಲ್ಲದ ಬಹುಮಾನವೇ.

ಸರ್ಕಾರಿ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮೇಲೆ ವಿಶೇಷ ಕಣ್ಣಿರಬೇಕು. ಅದುವರೆಗೆ ನಲಿ-ಕಲಿಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಎದ್ದು, ಕಾರ್ಡು ತಂದು ಕಲಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಪಠ್ಯಪುಸ್ತಕ, ಬೋರ್ಡು, ನೋಟ್ಸಿಗೆ ಬೀಳುತ್ತದೆ. ಅಲ್ಲಿಯವರೆಗೆ ಮರೆಯಲ್ಲಿದ್ದ ತೊಂದರೆ ಹೊರಬರುವ ಹೊತ್ತು ಇದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕರೆಸಲು ಮುಖ್ಯ ಶಿಕ್ಷಕರು ಹಿಂಜರಿಯಬಾರದು.

ಶಾಲೆ ಸಹಕರಿಸದೆ ‘ಟಿಸಿ ತಗೊಂಡು ಹೋಗಿ’ ಎಂದರೆ ಕಾನೂನು ಮಗುವಿನ ಪಕ್ಷದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅದೇ ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಕೊಡಬಹುದು. ಹಾಗೆಂದು ಜಗಳದಿಂದಲೇ ಶುರು ಮಾಡಬೇಕಿಲ್ಲ. ತೊಂದರೆ ಏನೆಂದು ತಿಳಿದ ಮೇಲೆ ಬಹುತೇಕ ಶಿಕ್ಷಕರು ಮಗುವಿನ ಕಡೆಗೇ ನಿಲ್ಲುತ್ತಾರೆ. ಅವರಿಗೆ ತಿಳಿಸುವ ಕೆಲಸ ಪೋಷಕರದು. ವೈದ್ಯರ ವರದಿಯ ಪ್ರತಿ, ತರಗತಿಯಲ್ಲಿ ಬೇಕಾದ ಮೂರು ನಾಲ್ಕು ಅನುಕೂಲಗಳ ವಿವರ ಸೇರಿಸಿ ಮುಖ್ಯ ಶಿಕ್ಷಕರಿಗೆ ಒಂದು ಪತ್ರ ಕೊಟ್ಟು, ದಿನಾಂಕದೊಂದಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ತರಗತಿ ಬದಲಾದಂತೆ ಶಿಕ್ಷಕರೂ ಬದಲಾಗುತ್ತಾರೆ, ಹಿಂದಿನವರಿಗೆ ಹೇಳಿದ್ದು ಹೊಸಬರಿಗೆ ತಿಳಿದಿರುವುದಿಲ್ಲ. ಹಾಗಾಗಿ ಪ್ರತಿ ವರ್ಷ ಶಾಲೆ ಶುರುವಾದ ಮೊದಲ ವಾರದಲ್ಲೇ ಆ ಪತ್ರದ ಪ್ರತಿಯನ್ನು ಹೊಸ ಕ್ಲಾಸ್ ಟೀಚರ್ ಕೈಗೆ ಕೊಟ್ಟು ಹತ್ತು ನಿಮಿಷ ಮಾತಾಡಿ ಬನ್ನಿ.