ಪಟ್ಟೆದಾರನ ಹೆಸರಿನಲ್ಲಿ ಉಳಿದ ಮನೆ

ಕೊಡವರ ಹೆಸರಿನಲ್ಲಿ ಮನುಷ್ಯನಿಗಿಂತ ಮೊದಲು ಮನೆ ಬರುತ್ತದೆ. 1949ರಲ್ಲಿ ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಕೊಡಂದೇರ ಮಾದಪ್ಪ ಕಾರ್ಯಪ್ಪ. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಪತ್ರಿಕೆಗಳಲ್ಲಿ ಇಬ್ಬರ ಮನೆಹೆಸರೂ ಬರೀ ‘ಕೆ’ ಆಗಿಬಿಡುತ್ತದೆ. ಪೂರ್ತಿ ಹೆಸರು ಕಿವಿಗೆ ಬಿದ್ದರೆ ಸಾಕು, ಇಬ್ಬರೂ ಒಂದೇ ಒಕ್ಕದವರು ಎಂದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತಾಗುತ್ತದೆ. ಗೊತ್ತಾಗಲೇಬೇಕು, ಒಂದೇ ಒಕ್ಕದೊಳಗೆ ಹೆಣ್ಣು ತರುವಂತಿಲ್ಲ, ಕೊಡುವಂತಿಲ್ಲ. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಗಂಡುಸಂತತಿಯಲ್ಲಿ ಇಳಿದುಬಂದ ಕುಟುಂಬ. ಅದು ಬೇರು ಬಿಟ್ಟಿರುವ ಮನೆಯೇ ಐನ್‌ಮನೆ.

ಗದ್ದೆಯ ಏರಿ ದಾಟಿ, ಎರಡೂ ಬದಿಗೆ ಮಣ್ಣಿನ ದರೆ ಎದ್ದ ಓಣಿಯಲ್ಲಿ ಹತ್ತಿ ಹೋದರೆ ಕಣ, ಕೊಟ್ಟಿಗೆ, ಆಮೇಲೆ ಮೆಟ್ಟಿಲು. ಜಗಲಿಗೆ ಇಲ್ಲಿ ಕೈಯಾಲೆ ಎನ್ನುತ್ತಾರೆ. ಅದರ ಕಂಬದಿಂದ ಕಂಬಕ್ಕೆ ಅಗಲವಾದ ಹಲಗೆಯೊಂದು ಚಾಚಿರುತ್ತದೆ. ಅದು ಐಮರ, ಹಿರಿಯರು ಕೂರುವ ಜಾಗ. ಹಲಗೆಯ ನಡುಭಾಗಕ್ಕೆ ಕೈಯಾಡಿಸಿದರೆ ತಲೆಮಾರುಗಳ ಪಂಚೆ, ಕುಪ್ಯವೆಂಬ ನಿಲುವಂಗಿಗಳು ತಿಕ್ಕಿ ತಿಕ್ಕಿ ಮೂಡಿಸಿದ ನುಣುಪು. ಯಾರೂ ಕೂರದ ಅಂಚಿನಲ್ಲಿ ಮರದ ಒರಟು ಹಾಗೇ ಉಳಿದಿದೆ. ಒಳಗಿನ ನಡುಮನೆಯೇ ನೆಲ್ಲಕ್ಕಿ ನಡುಬಾಡೆ, ಅಲ್ಲಿ ಬೆಳಗ್ಗೆ ಸಂಜೆ ಹಚ್ಚುವ ತೂಗುದೀಪ. ದೊಡ್ಡ ಮನೆಗಳಲ್ಲಿ ನಡುವೆ ತೆರೆದ ಅಂಗಳವಿದ್ದು ಮಳೆಗಾಲದುದ್ದಕ್ಕೂ ಮನೆಯೊಳಗೇ ಮಳೆ. ನೈಋತ್ಯ ಮೂಲೆಯ ಕನ್ನಿಕೊಂಬರೆ ಸತ್ತವರ ಕೋಣೆ. ತೀರಿಕೊಂಡ ಹಿರಿಯರಿಗೆ ಮೀದಿ, ಅಂದರೆ ಎಡೆ, ಇಡುವುದು ಅಲ್ಲಿಯೇ.

ಮೂಲಪುರುಷನಿಗೆ ಮಾತ್ರ ಮನೆಯಾಚೆ ಬೇರೆಯೇ ಗುಡಿ, ಕೈಮಡ. ಗುರುಕಾರೋಣನೆಂದು ಕರೆಯುವ ಆ ಮೂಲಪುರುಷನಿಗೆ ವರ್ಷಕ್ಕೊಮ್ಮೆ ಕೋಳಿ ಸಾರು, ಮದ್ಯ ಎಡೆಯಿಟ್ಟು ಒಕ್ಕದವರೆಲ್ಲ ಸೇರುತ್ತಾರೆ. ಬದುಕಿದ್ದಾಗ ಇಷ್ಟವಾಗಿದ್ದದ್ದನ್ನು ಸತ್ತ ಮೇಲೆ ತಪ್ಪಿಸಬಾರದೆಂಬ ಈ ಲೆಕ್ಕಾಚಾರ ನನಗೆ ತುಂಬ ಹಿಡಿಸುತ್ತದೆ. ಆದರೆ ತಲೆಮಾರುಗಳನ್ನು ಹುಡುಕಲು ಹೊರಟವರಿಗೆ ತೊಡಕು ಇಲ್ಲಿಂದಲೇ ಶುರು. ಗುರುಕಾರೋಣನ ಹೆಸರು ಪ್ರಾರ್ಥನೆಯಲ್ಲಿದೆ, ಅಜ್ಜ ಮುತ್ತಜ್ಜಂದಿರು ಮನೆಯವರ ನೆನಪಿನಲ್ಲಿದ್ದಾರೆ. ನಡುವಿನವರು?

ಅವರಲ್ಲಿ ಕೆಲವರು ಸಿಗುವುದು ಕಂದಾಯದ ಕಡತದಲ್ಲಿ. ರಾಜರ ಕಾಲದ ಜಮ್ಮಾ ಪದ್ಧತಿಯಲ್ಲಿ ಒಕ್ಕಕ್ಕೆ ಕಡಿಮೆ ಕಂದಾಯದ ಭೂಮಿ. ಅದಕ್ಕೆ ಪ್ರತಿಯಾಗಿ ಕರೆ ಬಂದಾಗ ರಾಜನ ಸೇವೆಗೆ ಹೋಗಬೇಕು. ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. 1834ರಲ್ಲಿ ಕೊಡಗನ್ನು ನುಂಗಿದ ಬ್ರಿಟಿಷರೂ ಇದನ್ನು ಕೈಬಿಡಲಿಲ್ಲ. ಜಮೀನು ಅನುಭವಿಸುವುದು ಇಡೀ ಒಕ್ಕ, ದಾಖಲೆಯಲ್ಲಿ ಹೆಸರು ಒಕ್ಕದ ಯಜಮಾನ ಪಟ್ಟೆದಾರನದು. ಆತ ತೀರಿಕೊಂಡು ಎಷ್ಟೋ ಕಾಲವಾದರೂ ಹೆಸರು ಕದಲದೆ ಕೂತಿರುವುದುಂಟು. ಬ್ಯಾಂಕ್ ಸಾಲಕ್ಕೆ ಅಲೆಯುವ ಮರಿಮಗನಿಗೆ ಅದು ಶನಿ, ವಂಶವೃಕ್ಷ ಬರೆಯುವವನಿಗೆ ವರ.

ಮನೆಗಳು ಖಾಲಿಯಾಗತೊಡಗಿದ್ದು ಕಾಫಿ ಬಂದ ಮೇಲೆ. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟ ಎದ್ದಿತು. ಕ್ರಮೇಣ ಒಕ್ಕದವರೂ ತಂತಮ್ಮ ತೋಟಗಳಲ್ಲಿ ಬೇರೆ ಮನೆ ಕಟ್ಟಿಕೊಂಡರು, ಸೇನೆ ಸೇರಿದರು, ಬೆಂಗಳೂರಿಗೆ ಇಳಿದರು. ಈಗ ಎಷ್ಟೋ ಐನ್‌ಮನೆಗಳಲ್ಲಿ ಇರುವವರು ಒಂದಿಬ್ಬರು. ಉಳಿದವರು ಬರುವುದು ಸುಗ್ಗಿಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯಲು, ಆಯುಧಪೂಜೆಯ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಲು. ಎಲ್ಲರದೂ ಆದ ಮನೆಯ ಹೆಂಚು ಒಡೆದರೆ ಯಾರೂ ಕೈ ಹಾಕುವುದಿಲ್ಲ, ಹಂಚಿಕೆಯಾಗದ ಆಸ್ತಿಯೇ ಐನ್‌ಮನೆಗಳನ್ನು ಕೊಂದಿತು ಎಂಬ ದೂರಿದೆ. ಅರ್ಧ ನಿಜ. ಪಾಲಾಗಿದ್ದರೆ ಸೂರು ಸೋರುತ್ತಿರಲಿಲ್ಲ, ಒಪ್ಪೋಣ. ಆದರೆ ಕೆತ್ತನೆಯ ಕಂಬಗಳು ಎಂದೋ ಯಾವುದೋ ರೆಸಾರ್ಟಿನ ಬಾಗಿಲಿಗೆ ಸೇರಿರುತ್ತಿದ್ದವು. ಮನೆ ಉಳಿದಿರುವುದು ಮಾರಲು ಯಾರೊಬ್ಬರಿಗೂ ಹಕ್ಕಿಲ್ಲದ ಕಾರಣಕ್ಕೇ.

ವಂಶವೃಕ್ಷಗಳ ಬಗ್ಗೆ ನನ್ನದೊಂದು ತಕರಾರಿದೆ. ಗಂಡುಸಂತತಿಯ ಗೆರೆಯನ್ನಷ್ಟೇ ಎಳೆದರೆ ಹೆಣ್ಣುಮಕ್ಕಳು ಕೊಂಬೆಯ ತುದಿಯಲ್ಲೇ ನಿಂತುಬಿಡುತ್ತಾರೆ. ಒಕ್ಕದ ಸಂಪ್ರದಾಯ ಅಷ್ಟು ಬಿಗಿಯಲ್ಲ. ಮದುವೆಯಲ್ಲಿ ಎರಡೂ ಒಕ್ಕಗಳ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು ಹರಳುಕಲ್ಲು ಎಣಿಸುತ್ತಾರೆ: 12 ಹಕ್ಕುಗಳಲ್ಲಿ 11 ಗಂಡನ ಒಕ್ಕದಲ್ಲಿ, ಒಂದು ತವರಿನಲ್ಲೇ ಎಂಬುದು ಹಿರಿಯರು ಹೇಳುವ ಅರ್ಥ. ಗಂಡುಸಂತಾನವಿಲ್ಲದೆ ಒಕ್ಕ ಅಳಿಯುವಂತಾದರೆ ‘ಒಕ್ಕಪರಿಜೆ’ ಮದುವೆ. ಗಂಡ ತನ್ನ ಒಕ್ಕ ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ. ‘ಮಕ್ಕಪರಿಜೆ’ಯಲ್ಲಿ ಅವನ ಒಕ್ಕ ಅವನಿಗೇ, ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ. ಮಗಳೊಬ್ಬಳು ಹಿಡಿದು ನಿಲ್ಲಿಸಿದ ಒಕ್ಕದ ಪಟವನ್ನು ಅಪ್ಪ, ಮಗ, ಮೊಮ್ಮಗ ಎಂದೇ ಬರೆದರೆ ಗೆರೆ ಎಲ್ಲೋ ಸುಳ್ಳು ಹೇಳುತ್ತದೆ.

ಬರೆದಿಟ್ಟವರೂ ಇದ್ದಾರೆ. ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಹಾಡು, ಪದ್ಧತಿಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಹೊರತಂದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಕೊಡಗಿನ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿ 2014ರಲ್ಲಿ ಪುಸ್ತಕ ಮಾಡಿದರು.

ಆದರೂ ಒಕ್ಕದ ಲೆಕ್ಕವನ್ನು ಎಳೆಯರ ಬಾಯಲ್ಲಿ ಉಳಿಸಿರುವುದು ಪುಸ್ತಕಕ್ಕಿಂತ ಹಾಕಿ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿಗೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಕಪ್‌ಗೆ 360. ಒಂದು ತಂಡವೆಂದರೆ ಒಂದು ಒಕ್ಕ. ಸಣ್ಣ ಒಕ್ಕದವರಿಗೆ ಹನ್ನೊಂದು ಜನ ಹೊಂದಿಸುವುದೇ ದೊಡ್ಡ ಪಂದ್ಯ. ಯಾವ ಅಜ್ಜನ ತಮ್ಮನ ಮಗ ಮೈಸೂರಿನಲ್ಲಿದ್ದಾನೆ, ಅವನ ಹುಡುಗನಿಗೆ ಸ್ಟಿಕ್ ಹಿಡಿಯಲು ಬರುತ್ತದೆಯೇ ಎಂದು ಮನೆಮನೆಗೆ ಫೋನ್ ಓಡುತ್ತದೆ. ಕೊನೆಗೂ ಗೋಲ್‌ಕೀಪರ್ ಸಿಗದಿದ್ದರೆ ಐವತ್ತು ದಾಟಿದ ಚಿಕ್ಕಪ್ಪನೇ ಪ್ಯಾಡ್ ಕಟ್ಟಿಕೊಳ್ಳಬೇಕು.