ಕೈಬಿಟ್ಟ ಮಕ್ಕಳು ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನು ಮೂರು ನಾಲ್ಕು ವರ್ಷಗಳಿದ್ದವು. ರೋಮ್ ನಗರದ ಹುಚ್ಚಾಸ್ಪತ್ರೆಯೊಂದರ ಬರಿದಾದ ಕೊಠಡಿಯಲ್ಲಿ ಕೆಲವು ಮಕ್ಕಳನ್ನು ಕೂಡಿಹಾಕಿದ್ದರು. ಅವರಿಗೆ ಹುಚ್ಚು ಹಿಡಿದಿರಲಿಲ್ಲ. ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆದಿರಲಿಲ್ಲ, ಅಷ್ಟೆ. ಇಂಥವರನ್ನು ಇರಿಸಲು ಬೇರೆ ಎಡೆಯಿಲ್ಲದೆ ಹುಚ್ಚರ ನಡುವೆ ಇರಿಸಿದ್ದರು. ಆ ಕೊಠಡಿಯಲ್ಲಿ ಆಟದ ಸಾಮಾನಿಲ್ಲ, ಚಿತ್ರವಿಲ್ಲ, ಕೈಯಲ್ಲಿ ಹಿಡಿಯಲು ಒಂದು ಕಡ್ಡಿಯೂ ಇಲ್ಲ. ಊಟವಾದೊಡನೆ ಈ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗೆ ಮುಗಿಬೀಳುತ್ತಾರೆಂದು ಅವರ ಕಾವಲಿಗಿದ್ದ ಹೆಂಗಸು ಅಸಹ್ಯದಿಂದ ದೂರಿದಳಂತೆ. ಕೇಳಿದ ತರುಣ ವೈದ್ಯೆಯೊಬ್ಬಳು ಮಕ್ಕಳನ್ನು ದಿಟ್ಟಿಸಿ ನೋಡಿದಳು. ಅವರು ಆ ಚೂರುಗಳನ್ನು ಬೆರಳುಗಳ ನಡುವೆ ಹಿಡಿದು ಹೊರಳಿಸುತ್ತಿದ್ದರು, ಹಿಸುಕುತ್ತಿದ್ದರು. ಹಸಿವು ಹೊಟ್ಟೆಯದಲ್ಲ, ಕೈಯದು ಎಂದು ಆಕೆಗೆ ಹೊಳೆಯಿತು.

ಆಕೆಯ ಜೀವನಚರಿತ್ರಕಾರರು ಹೇಳುವ ಪ್ರಸಂಗ ಇದು. ಆ ವೈದ್ಯೆ ಮರಿಯಾ ಮಾಂಟೆಸೊರಿ. 1870ರಲ್ಲಿ ಜನಿಸಿ, 1896ರಲ್ಲಿ ವೈದ್ಯಪದವಿ ಪಡೆದ ಈಕೆಯ ಹೆಸರನ್ನು ಇಂದು ನಮ್ಮ ಊರುಗಳ ಶಿಶುವಿಹಾರಗಳ ಫಲಕಗಳ ಮೇಲೆ ಎಲ್ಲೆಲ್ಲಿಯೂ ಓದಬಹುದು. ಮಗುವಿಗೆ ಒಳ್ಳೆಯ ಅಡಿಪಾಯ ಬೀಳಲೆಂದು ತಾಯಿತಂದೆಗಳು ಶುಲ್ಕ ತೆತ್ತು ಸೇರಿಸುವ ಆ ಶಾಲೆಯ ಪದ್ಧತಿ, ಮೊದಲು ರೂಪುಗೊಂಡದ್ದು ಕಲಿಯಲಾರರೆಂದು ಜಗತ್ತು ಕೈಬಿಟ್ಟ ಮಕ್ಕಳ ನಡುವೆ ಎಂಬುದನ್ನು ಬಲ್ಲವರು ವಿರಳ.

ಕಾಡಿನಿಂದ ಬಂದ ಬಾಲಕ

ಈ ಕಥೆಯ ಬೇರು ಇನ್ನೂ ನೂರು ವರ್ಷ ಹಿಂದಿದೆ. 1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೆರಾನ್ ಪ್ರಾಂತದ ಕಾಡಿನಿಂದ ಹನ್ನೆರಡರ ಆಸುಪಾಸಿನ ಬಾಲಕನೊಬ್ಬ ಹೊರಬಂದು ಜನರ ಕೈಗೆ ಸಿಕ್ಕಿದ. ಅವನಿಗೆ ಮಾತಿಲ್ಲ, ನಾಗರಿಕರ ನಡವಳಿಕೆಯಿಲ್ಲ. ಪ್ಯಾರಿಸ್ಸಿನ ಖ್ಯಾತ ವೈದ್ಯ ಪಿನೆಲ್ ಅವನನ್ನು ಪರೀಕ್ಷಿಸಿ, ಇವನು ಹುಟ್ಟು ಬುದ್ಧಿಹೀನ, ಮಾಡತಕ್ಕದ್ದೇನೂ ಇಲ್ಲವೆಂದು ತೀರ್ಪಿತ್ತನು. ಕಿವುಡಮೂಗರ ಸಂಸ್ಥೆಯ ತರುಣ ವೈದ್ಯ ಇಟಾರ್ಡ್ ಅದನ್ನು ಒಪ್ಪಲಿಲ್ಲ. ಬಾಲಕನಿಗೆ ವಿಕ್ಟರ್ ಎಂದು ಹೆಸರಿಟ್ಟು, ಐದು ವರ್ಷ ಬಿಡದೆ ಪಾಠ ಹೇಳಿದನು. ಬಿಸಿ ತಣ್ಣನೆಯ ಭೇದದಿಂದ ತೊಡಗಿ, ಆಕಾರ, ಬಣ್ಣ, ಅಕ್ಷರಗಳವರೆಗೆ ಆ ಪಾಠ ಸಾಗಿತು. ಹಾಲು ಎಂಬರ್ಥದ ಫ್ರೆಂಚ್ ಪದದ ನಾಲ್ಕು ಅಕ್ಷರಗಳನ್ನು ವಿಕ್ಟರ್ ಸಾಲಾಗಿ ಜೋಡಿಸಲು ಕಲಿತನು. ಒಂದು ದಿನ ಆ ನಾಲ್ಕು ಅಕ್ಷರಗಳನ್ನು ತಾನಾಗಿಯೇ ಜೇಬಿಗೆ ಹಾಕಿಕೊಂಡು ಹೋಗಿ, ತನಗೆ ನಿತ್ಯ ಹಾಲು ಕೊಡುತ್ತಿದ್ದವರ ಮನೆಯ ಮೇಜಿನ ಮೇಲೆ ಜೋಡಿಸಿಟ್ಟನು! ಆದರೂ ಬಾಯಿಂದ ಮಾತು ಹೊರಡಲಿಲ್ಲ. ಅದೇ ದೊಡ್ಡ ಸೋಲೆಂದು ಇಟಾರ್ಡ್ ಬಗೆದನು.

ಸೋಲೆಂದು ಬಗೆದುದರಿಂದಲೇ ಒಂದು ಪರಂಪರೆ ಬೆಳೆಯಿತು. ಇಟಾರ್ಡನ ಶಿಷ್ಯ ಎಡ್ವರ್ಡ್ ಸೆಗ್ವಿನ್ (1812–1880) ಪ್ಯಾರಿಸ್ಸಿನಲ್ಲಿ ಇಂಥ ಮಕ್ಕಳಿಗಾಗಿಯೇ ಪಾಠ ನಡೆಸಿದನು. ಮೊದಲು ಸ್ನಾಯುಗಳಿಗೆ ಶಿಕ್ಷಣ, ಅನಂತರ ಇಂದ್ರಿಯಗಳಿಗೆ, ಆಮೇಲೆ ವಿಚಾರಕ್ಕೆ ಎಂಬುದು ಅವನ ಕ್ರಮ. 1846ರಲ್ಲಿ ಅವನು ಬರೆದ ಗ್ರಂಥವನ್ನು ಅವನ ದೇಶವೇ ಹೆಚ್ಚು ಗಮನಿಸಲಿಲ್ಲ. ಅವನು ಅಮೆರಿಕಕ್ಕೆ ತೆರಳಿ ಅಲ್ಲಿಯ ಶಾಲೆಗಳಿಗೆ ದಾರಿ ತೋರಿದನು. ಗುಂಡು, ಚೌಕ, ನಕ್ಷತ್ರದಂಥ ಮರದ ತುಂಡುಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುವ ಅವನ ಹೆಸರಿನ ಹಲಗೆಯನ್ನು ಮಕ್ಕಳ ಬುದ್ಧಿಯ ಬೆಳವಣಿಗೆ ಅಳೆಯಲು ಭಾರತದ ಚಿಕಿತ್ಸಾಲಯಗಳಲ್ಲಿ ಇಂದಿಗೂ ಬಳಸುತ್ತಾರೆ.

ರೋಮಿನ ಶಾಲೆ

ಈ ಇಬ್ಬರ ಬರಹಗಳನ್ನು ಮಾಂಟೆಸೊರಿ ತನ್ನ ಕೈಯಾರೆ ಇಟಾಲಿಯನ್ ಭಾಷೆಗೆ ಇಳಿಸಿಕೊಂಡಳು. 1900ರಲ್ಲಿ ರೋಮಿನಲ್ಲಿ ಬುದ್ಧಿ ಹಿಂದುಳಿದ ಮಕ್ಕಳ ಉಪಾಧ್ಯಾಯರಿಗೆ ತರಬೇತಿ ಕೊಡುವ ಶಾಲೆ ತೆರೆದಾಗ, ಅದರ ನಿರ್ದೇಶಕರಲ್ಲಿ ಒಬ್ಬಳಾದಳು. ಹಗಲೆಲ್ಲ ಮಕ್ಕಳೊಡನೆ ಪಾಠ, ರಾತ್ರಿ ಅಂದಿನ ಅನುಭವಗಳ ಟಿಪ್ಪಣಿ. ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಎಷ್ಟು ಹೇಳಿಕೊಟ್ಟರೂ ಹೊಲಿಗೆ ಬರಲಿಲ್ಲ. ಮಾಂಟೆಸೊರಿ ಸೂಜಿಯನ್ನು ತೆಗೆದಿರಿಸಿ, ಕಾಗದದ ಪಟ್ಟಿಗಳನ್ನು ಒಂದರ ಕೆಳಗೆ ಒಂದರ ಮೇಲೆ ತೂರಿಸಿ ಚಾಪೆ ಹೆಣೆಯಲು ಕೊಟ್ಟಳು. ಹೆಣಿಗೆ ಕೈಗೆ ಹತ್ತಿದ ಮೇಲೆ ಸೂಜಿ ಕೊಟ್ಟರೆ, ಹುಡುಗಿ ಸರಾಗವಾಗಿ ಹೊಲಿದಳು! ಕೆಲಸಕ್ಕೆ ಮೊದಲು ಕೆಲಸದ ಚಲನೆಯನ್ನು ಕಲಿಸಬೇಕೆಂಬ ತತ್ತ್ವ ಅಲ್ಲಿ ಸಿಕ್ಕಿತು. ಅಕ್ಷರಗಳ ಮೇಲೆ ಬೆರಳಾಡಿಸಿ ಬರವಣಿಗೆ ಕಲಿಸುವ ಕ್ರಮಕ್ಕೂ ಅದೇ ಆಧಾರವಾಯಿತು.

ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಮಕ್ಕಳೊಡನೆ ಕುಳಿತು, ಓದು ಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ನೋಡಿದವರು ಪವಾಡವೆಂದು ಬೆರಗಾದರು. ಮಾಂಟೆಸೊರಿಗೆ ಬೇರೊಂದು ಯೋಚನೆ ಹತ್ತಿತು: ಈ ಮಕ್ಕಳು ಇಷ್ಟು ಮುಂದೆ ಬಂದರೆ, ಆರೋಗ್ಯವಂತ ಮಕ್ಕಳು ಇವರ ಮಟ್ಟದಲ್ಲಿಯೇ ನಿಂತಿರುವುದೇಕೆ? ಆ ಪ್ರಶ್ನೆಯ ಉತ್ತರವಾಗಿ 1907ರ ಜನವರಿ 6ರಂದು ರೋಮಿನ ಬಡವರ ಕೇರಿ ಸಾನ್ ಲೊರೆಂಜೊದಲ್ಲಿ ಆಕೆಯ ‘ಮಕ್ಕಳ ಮನೆ’ ತೆರೆಯಿತು. 1939ರಲ್ಲಿ ಆಕೆ ಮದರಾಸಿನ ಅಡಯಾರಿಗೆ ಬಂದು, ನಮ್ಮ ದೇಶದ ಉಪಾಧ್ಯಾಯರಿಗೂ ಈ ವಿದ್ಯೆಯನ್ನು ಧಾರೆಯೆರೆದಳು.

ಕೊನೆಯ ಗುಂಡಿ

ಸಾಲವನ್ನು ತೀರಿಸುವ ಕೆಲಸ ಮಾತ್ರ ನಿಧಾನವಾಗಿ ಸಾಗಿತು. ಮುಂಬಯಿಯಲ್ಲಿ 1944ರಲ್ಲಿ ಆರಂಭವಾದ ಜೈ ವಕೀಲ್ ಶಾಲೆ, ಡೌನ್ ಸಿಂಡ್ರೋಮ್ ಇದ್ದ ಮಗಳಿಗೆ ಬೇರೆಲ್ಲಿಯೂ ಶಾಲೆ ಕಾಣದ ತಾಯಿತಂದೆಗಳ ಪ್ರಯತ್ನದ ಫಲ. ಆರರಿಂದ ಹದಿನೆಂಟು ವರ್ಷದೊಳಗಿನ ಇಂಥ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತಮ್ಮ ಆಯ್ಕೆಯಂತೆ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ನೀಡಿದೆ.

ಇಂಥ ಶಾಲೆಯಲ್ಲಿ ಅಂಗಿಗೆ ಗುಂಡಿ ಹಾಕುವುದೂ ಒಂದು ಪಾಠ. ಉಪಾಧ್ಯಾಯಿನಿ ಆ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸುತ್ತಾಳೆ. ಎಲ್ಲವನ್ನೂ ತಾನೇ ಮಾಡಿ, ಕೊನೆಯದಾಗಿ ಗುಂಡಿಯನ್ನು ಕಾಜದಿಂದ ಹೊರಗೆಳೆಯುವುದಷ್ಟನ್ನೇ ಮಗುವಿಗೆ ಬಿಡುತ್ತಾಳೆ. ಅದು ಬಂದ ಮೇಲೆ ಕೊನೆಯ ಎರಡು ಹೆಜ್ಜೆಗಳು, ಆಮೇಲೆ ಮೂರು. ಕೆಲಸ ಮುಗಿಸಿದ ಸಂತೋಷ ಪ್ರತಿದಿನವೂ ಮಗುವಿನದೇ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ‘ಇಷ್ಟಕ್ಕೆ ಶಾಲೆ ಬೇಕೇ?’ ಎಂದು ಕೇಳುವವರಿದ್ದಾರೆ. ತನ್ನ ಕಾಲಾನಂತರ ಈ ಮಗುವಿಗೆ ಬಟ್ಟೆ ತೊಡಿಸುವವರಾರೆಂದು ಚಿಂತಿಸುವ ತಾಯಿ ಆ ಪ್ರಶ್ನೆ ಕೇಳಲಾರಳು.

ಇಟಾರ್ಡನ ವರದಿಯಲ್ಲಿ ಇನ್ನೊಂದು ಪ್ರಸಂಗವಿದೆ. ವಿಕ್ಟರನನ್ನು ಸಾಕುತ್ತಿದ್ದಾಕೆ ಮೇಡಂ ಗೆರಿನ್. ಊಟದ ಮೇಜನ್ನು ಅಣಿಗೊಳಿಸುವುದು ವಿಕ್ಟರನ ನಿತ್ಯದ ಕೆಲಸ. ಆಕೆಯ ಗಂಡ ತೀರಿಕೊಂಡ ದಿನವೂ ಅವನು ಎಂದಿನಂತೆ ಯಜಮಾನನ ತಟ್ಟೆಯನ್ನು ಅದರ ಸ್ಥಳದಲ್ಲಿ ಇರಿಸಿದನು. ಅದನ್ನು ಕಂಡು ಆಕೆಯ ದುಃಖ ಕಟ್ಟೆಯೊಡೆಯಿತು. ವಿಕ್ಟರ್ ಆಕೆಯನ್ನು ನೋಡಿದನು, ತಟ್ಟೆಯನ್ನು ನೋಡಿದನು. ಮೆಲ್ಲನೆ ಅದನ್ನೆತ್ತಿ ಕಪಾಟಿನಲ್ಲಿಟ್ಟನು. ಆಮೇಲೆ ಎಂದೂ ಅದನ್ನು ಮೇಜಿನ ಮೇಲೆ ಇಡಲಿಲ್ಲ.

ವಿಕ್ಟರ್ 1828ರಲ್ಲಿ ಮಾತು ಕಲಿಯದೆಯೇ ತೀರಿಕೊಂಡನು. ಅವನಿಗೆ ಪಾಠ ಹೇಳಿದ ಐದು ವರ್ಷಗಳು ವ್ಯರ್ಥವಾದುವೇ ಎಂಬುದಕ್ಕೆ ಉತ್ತರ ಆ ಕಪಾಟಿನಲ್ಲಿದೆ.